ಆಯಿಯ ಖಾಲಿ ಇಬತ್ತಿ ಡಬ್ಬಿ

ನಾಸಿಕ್ ರೋಡಿನಾಗ ನನ್ನಷ್ಟು ಚೆಂದ ಇನ್ಸುಲಿನ್ ಚುಚ್ಚೋ ಹುಡುಗ ಇನ್ನೊಬ್ಬ ಸಿಗಂಗಿಲ್ಲ. ಆಯಿ, ಅಂದ್ರ ನಮ್ಮಪ್ಪನ ಅವ್ವ, ದಿನಾ ಮುಂಜಾನೆ ಏಳಕ್ಕ ನನ್ನ ಮುಂದ ಬಂದು ಕೂಡ್ತಾಳ. ಹತ್ತು ಆಪರೇಷನ್ ಮುಗಿಸಿ ಬಂದ ಡಾಕ್ಟರ್ ಗತ್ತಿನಾಗ ನಾ ಪೆನ್ನಿನ ನಂಬರ್ ತಿರುಗಿಸಿ ಟಕ್ ಅಂತ ಚುಚ್ತೀನಿ. ಆಮ್ಯಾಲ ಆಯಿ ಹಣಿಗೆ ಇಬತ್ತಿ ಹಚ್ಕೊಂಡು, ಕೊರಳಾಗಿನ ಲಿಂಗ ಅಂಗೈ ಮ್ಯಾಲ ಇಟ್ಕೊಂಡು ಪೂಜಿ ಮಾಡ್ತಾಳ. ಪೂಜಿ ಆದಮ್ಯಾಲ ರೊಟ್ಟಿ. ಬೀದರ್ ಬಿಟ್ಟು ಬಂದಮ್ಯಾಲೂ ಈ ಸಾಲು ಒಂದು ದಿನ ತಪ್ಪಿಲ್ಲ. ಸೂಜಿ ಆಗಿ ಅರ್ಧ ತಾಸಿನಾಗ ತಿನ್ನಲೇಬೇಕು, ಇಲ್ಲಂದ್ರ ಸಕ್ಕರಿ ಇಳಿದು ಎಚ್ಚರ ತಪ್ತದ ಅಂತ ಡಾಕ್ಟರ್ ಹೇಳ್ಯಾರ. ನನಗ ಹೇಳ್ಯಾರ, ಅಪ್ಪಗಲ್ಲ.

ಆ ದಿನ ನಾವಿಬ್ರೇ ಬಸ್ಸಿನಾಗ ಸಂಭಾಜಿನಗರಕ್ಕ, ಅತ್ತಿ ಮನಿಗಿ ಹೊಂಟಿದ್ವಿ. ಆಯಿ ನಸುಕಿನಾಗೇ ಜಳಕ ಮಾಡಿದ್ಲು, ಪೂಜಿ ಬಸ್ಸಿನಾಗೇ ಅಂದಿದ್ಲು. ಪೂಜಿ ಚೀಲ ಕಟ್ಟೋ ಕೆಲಸ ನಂದು. ಎಲ್ಲಾ ನೋಡಿದ್ಯಾ ಅಂತ ಅವ್ವ ಕೇಳಿದ್ಲು. ನೋಡೀನಿ ಅಂದೆ. ಯಾಕಂದ್ರ ನಾ ಮನಸ್ಸಿಟ್ಟು ಕೆಲಸ ಮಾಡೋ ಹುಡುಗ ಅಂತ ನನ್ನ ಹತ್ರ ಬರದಿಟ್ಟ ಪುರಾವೆ ಅದ. ಸಾಲ್ಯಾಗ ಮೇಡಂ ಒಂದು ವಹಿ ಕೊಟ್ಟಿದ್ರು. ‘ಇವತ್ತು ಒಂದು ಕೆಲಸ ಮನಸ್ಸಿಟ್ಟು ಮಾಡಿದೆ’ ಅಂತ ಇಪ್ಪತ್ತೊಂದು ದಿನ ಟಿಕ್ ಹಾಕಿದ್ರ ರೂಢಿ ಆಗ್ತದಂತ. ನಾ ಇಪ್ಪತ್ತೊಂದೂ ಟಿಕ್ ಮೊದಲನೇ ದಿನಾನೇ ಹಾಕಿ ಮುಗಿಸಿದ್ದೆ.

ನಿಫಾಡ್ ದಾಟಿದಾಗ ಏಳು ಹೊಡೀತು. ಬಸ್ಸು ಒಂದು ಗುಂಡಿಯಿಂದ ಎದ್ದು ಇನ್ನೊಂದಕ್ಕ ಬೀಳೂದ್ರಾಗ ನಾ ಸೂಜಿ ಚುಚ್ಚಿ ತಗದೆ. ಹಿಂದಿನ ಸೀಟಿನ ಯಾರೋ ಮಾಮಾ ಚಪ್ಪಾಳಿ ಹೊಡೆಯೂದೊಂದೇ ಬಾಕಿ. ಆಯಿ ಇಬತ್ತಿ ಡಬ್ಬಿ ತಗದ್ಲು. ತಳ ಕಾಣಸ್ತಿತ್ತು.

ಎಲ್ಲಿ ಹೋಗಿತ್ತು ಅಂತ ನನಗ ಗೊತ್ತಿತ್ತು. ಹಿಂದಿನ ದಿನ ನಮ್ಮ ಬಿಲ್ಡಿಂಗಿನಾಗ ಕೇರಂ ಫೈನಲ್. ಬೋರ್ಡಿಗೆ ಹಾಕೋ ಪೌಡರ್ ತೀರಿತ್ತು, ಆಯಿಯ ಇಬತ್ತಿ ಉಂಡಿ ಪುಡಿ ಮಾಡಿ ಸವರಿದೆ. ಕಾಯಿ ಹೆಂಗ ಓಡಿದ್ವು ಅಂದ್ರ, ರಾಣಿ ತಾನೇ ಎದ್ದು ನಡಕೋತ ತೂತಿಗೆ ಹೋತು. ಗೆದ್ದೆ. ಬ್ಯಾರೆ ಉಂಡಿ ಡಬ್ಬಿಗೆ ಹಾಕಬೇಕು ಅಂದ್ಕೊಂಡವ, ಗೆದ್ದ ಕಥಿ ಮನಿ ಮನಿಗೆ ಹೇಳ್ಕೋತ ಮರತೆ.

ಅಲ್ಲೇ ಹೇಳಬೇಕಿತ್ತು. ಗಾಳಿಗೆ ಹಾರಿರಬೇಕು ಆಯಿ, ಅಂದೆ. ಮುಚ್ಚಿದ ಚೀಲದಾಗ ಮುಚ್ಚಿದ ಡಬ್ಬಿ, ಅದಕ್ಕ ಗಾಳಿ.

ಬಿಸ್ಕೀಟ್ ಆದ್ರೂ ತಿನ್ನು ಅಂತ ಮುಂದ ಹಿಡದೆ. ಆಕಿ ಕೈ ಸರಿಸಿದ್ಲು.

“ಇಬತ್ತಿ ಇಲ್ಲದ ಪೂಜಿ ಇಲ್ಲ. ಪೂಜಿ ಆಗೂತನಕ ನೀರೂ ಮುಟ್ಟಂಗಿಲ್ಲ. ಸುಮ್ನ ಕೂಡು.”

ಬಸ್ಸು ನಿಲ್ಲೋ ಊರು ಯೇವಲಾ ಇನ್ನೂ ಮುಕ್ಕಾಲು ತಾಸು. ಸುಮ್ನ ಹೆಂಗ ಕೂಡಲಿ? ಸೀಟಿಂದ ಸೀಟಿಗೆ ಮರಾಠಿಯಾಗ ಬೇಡ್ಕೋತ ಹೋದೆ. ಅವ್ವನ ವಯಸ್ಸಿನ ಕಾಕು ಒಬ್ರು ಕುಂಕುಮ ಕೊಟ್ರು. ತಂಬಾಕು ತಿಕ್ಕೋ ಮನಿಷ್ಯಾ ಸುಣ್ಣದ ಡಬ್ಬಿ ತೋರಿಸಿದ, ಇದೂ ಬೆಳ್ಳಗೇ ಅದಲ್ಲಾ ಅಂದ. ಕಾಲೇಜ್ ಹುಡುಗಿ ಒಬ್ಬಾಕಿ ಮಾರಿಗೆ ಹಚ್ಚೋ ಪೌಡರ್ ಕೊಟ್ಲು. ಅದನ್ನ ಕಾಗದದಾಗ ಕಟ್ಟಿ, ಕಡೀ ಸೀಟಿನಾಗ ಒಬ್ರು ಪೂಜಾರಿ ಅದಾರ, ಅವರು ಕೊಟ್ರು ಅಂತ ಆಯಿ ಕೈಯಾಗ ಇಟ್ಟೆ.

ಆಯಿ ಮೂಗಿಗೆ ಹಿಡದ್ಲು. “ಪೂಜಾರಿ ಭಾಳ ಘಮಘಮ ಅದಾನ,” ಅಂದ್ಲು.

ಇಪ್ಪತ್ತು ನಿಮಿಷ ಆಗಿತ್ತು. ಕಿಡಕಿ ಮುಚ್ಚಿದ್ರೂ ನನಗ ಚಳಿ ಹತ್ತಿತ್ತು, ಆಕಿ ಮ್ಯಾಲಿನ ತುಟಿ ಮ್ಯಾಲ ಬೆವರು. ಬಟ್ಟು ನಡುಗ್ಲಾಕತ್ತಿದ್ವು. ಕಣ್ಣು ಮಂಜ ಆಗ್ಲಾಕತ್ತಾವ ಅಂದ್ಲು, ಯಾರದೋ ಕಣ್ಣಿನ ಮಾತು ಹೇಳಿದಂಗ. ಅವ್ವಗ ಫೋನ್ ಮಾಡಬೇಕಂತ ಪ್ಯಾಂಟಿನ ಕಿಸೆಯಾಗ ಕೈ ಹಾಕಿದೆ. ಬಟ್ಟು ಬೆಳ್ಳಗಾಗಿ ಹೊರಗ ಬಂದ್ವು. ನಿನ್ನೆ ಉಳಿದ ಪುಡಿ, ಸ್ಟ್ರೈಕರ್ ಜೋಡಿ ಅಲ್ಲೇ ಇತ್ತು. ಆದ್ರ ಅದನ್ನ ಕೊಡಬೇಕಂದ್ರ ಅಲ್ಲಿ ಹೆಂಗ ಬಂತು ಅಂತ ಹೇಳಬೇಕು. ಇನ್ನೊಬ್ಬ ಪೂಜಾರಿನ್ನ ಹುಟ್ಟಿಸ್ಲಾಕ ನೋಡಿದೆ. ಹುಟ್ಟಲಿಲ್ಲ.

“ಆಯಿ, ನಾನೇ. ಕೇರಂ ಬೋರ್ಡಿಗೆ ಹಾಕ್ದೆ. ಉಳದದ್ದು ಇಲ್ಲೇ ಕಿಸೆಯಾಗ ಅದ.”

ಆಕಿ ಕೈ ಚಾಚಿದ್ಲು. ಕಿಸೆ ಹೊರಮುಖ ತಿರುವಿದೆ. ಹೊಲಿಗಿ ಸಂದ್ಯಾಗ ಒಂದು ಚಿಟಿಕಿ. ಅದ್ರಾಗಿನ ದಾರದ ಎಳಿ ಒಂದೊಂದೇ ಹೆಕ್ಕಿ ಒಗದು, ಹಣಿಗೆ ಹಚ್ಕೊಂಡು, ಲಿಂಗ ಅಂಗೈಗೆ ತಗೊಂಡ್ಲು. ಅಂಗೈ ನಡುಗ್ತಿತ್ತು, ಬಸ್ಸೂ ನಡುಗ್ತಿತ್ತು. ನಾ ಎರಡೂ ಕೈ ಬೊಗಸಿ ಮಾಡಿ ಆಕಿ ಕೈ ಕೆಳಗ ಹಿಡದೆ. ಲಗೂ ಮುಗಸು ಆಯಿ ಅಂದೆ. ಲಗೂ ಮುಗಸಲಿಲ್ಲ. ದಿನಾ ಆಕಿ ಪೂಜಿ ಮಾಡುವಾಗ ನಾ ಫೋನ್ ನೋಡ್ಕೋತ ಕೂಡ್ತಿದ್ದೆ. ಅವತ್ತು ಮೊದಲನೇ ಸಲ ನೋಡಿದೆ, ಆಕಿ ರೆಪ್ಪಿ ಅಲಗಸದಂಗ ಲಿಂಗ ನೋಡ್ತಾಳ, ತುಟಿ ಅಷ್ಟೇ ಆಡ್ತಾವ. ತುಟಿ ನಿಂತಾಗೆಲ್ಲ ನನ್ನ ಉಸುರೂ ನಿಲ್ತಿತ್ತು.

ಲಿಂಗ ಕೊರಳಿಗೆ ಹೋದದ್ದೇ ತಡ, ಬುತ್ತಿಯಾಗಿನ ಬೆಲ್ಲ ಬಾಯಾಗ ತುರುಕಿದೆ. ಯೇವಲಾ ಬರೂದ್ರಾಗ ಆಕಿ ರೊಟ್ಟಿ ಮುಗಿಸಿ ನೀರು ಕುಡದಿದ್ಲು. ನಡುಕ ನಿಂತಿತ್ತು.

“ಬಸ್ಸೆಲ್ಲಾ ತಿರುಗಿದಿ,” ಅಂದ್ಲು, “ನಿನ್ನ ಕಿಸೆ ಒಂದು ನೋಡ್ಲಿಲ್ಲ.”

ಅತ್ತಿ ಮನ್ಯಾಗ ಆಕಿ ಈ ಮಾತು ಎತ್ತಲಿಲ್ಲ. ವಹಿಗೆ ಮೇಡಂ ವೆರಿ ಗುಡ್ ಅಂತ ಬರದಾರ. ನಾ ಯಾರಿಗೂ ತೋರಸದ ಇಟ್ಟದ್ದು ಅದೊಂದೇ. ಈಗ ದಿನಾ ಸೂಜಿಗಿಂತ ಮೊದಲ ಇಬತ್ತಿ ಡಬ್ಬಿ ತಗದು ಆಯಿ ಮುಂದ ಹಿಡೀತೀನಿ. ಆಕಿ ಡಬ್ಬಿ ನೋಡಂಗಿಲ್ಲ, ನನ್ನ ಕಿಸೆ ನೋಡ್ತಾಳ.