ಮೂರು ಕುರ್ಚಿಯ ಇಂಟರ್‌ವ್ಯೂ

ಮಕ್ಕಳಿಗೆ ಇಂಟರ್‌ವ್ಯೂ ಎಂದರೆ ಅಪ್ಪ ಅಮ್ಮನಿಗೇ ಇಂಟರ್‌ವ್ಯೂ. ಬಹ್ರೇನ್‌ನಲ್ಲಿ ಮಗಳ ಎಲ್‌ಕೆಜಿ ಸೀಟಿಗೆ ಅಲೆದಾಗ ನಾವು ಕಲಿತ ಪಾಠ ಅದು. ಅಂದು ಅವಳು ಅತ್ತದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಸೀಟು ಸಿಕ್ಕಿದ್ದು ನಮ್ಮಿಬ್ಬರ ಉತ್ತರಗಳಿಗೆ. ಹಾಗಾಗಿ ಮೊನ್ನೆ ಯುರೋಪಿನ ಒಂದು ಪುಟ್ಟ ವಿಶ್ವವಿದ್ಯಾಲಯ ಅವಳನ್ನು ಲ್ಯಾಪ್‌ಟಾಪಿನಲ್ಲೇ ಇಂಟರ್‌ವ್ಯೂಗೆ ಕರೆದಾಗ ನಾನು ಹಿದ್ ಬಂದರಿನಲ್ಲಿ ಕಸ್ಟಮ್ಸ್‌ನಿಂದ ಸರಕು ಬಿಡಿಸುವ ನನ್ನ ಆಫೀಸಿಗೆ ರಜೆ ಹಾಕಿದೆ. ಅಲ್ಲಿ ಕಲಿಸುವುದು ಬಿಸಿನೆಸ್ ಮತ್ತು ಅರ್ಥಶಾಸ್ತ್ರ ಮಾತ್ರ. ಸೇರಿಸಿಕೊಳ್ಳುವುದು ಬೆರಳೆಣಿಕೆಯ ಮಕ್ಕಳನ್ನು. ಇವಳಿಗೋ ಬೇರೆ ಯಾವ ಕಾಲೇಜೂ ಬೇಡ. ಈ ಅರ್ಧ ಗಂಟೆ ಕೆಟ್ಟರೆ ಎಲ್ಲ ಖಲಾಸ್.

ಗುದೈಬಿಯಾದ ನಮ್ಮ ಫ್ಲ್ಯಾಟಿನಲ್ಲಿ ಊಟದ ಮೇಜಿನ ಮುಂದೆ ಮೂರು ಕುರ್ಚಿ ಹಾಕಿದೆ. ನಾನು ರೇಷ್ಮೆ ಸೀರೆ ಉಟ್ಟೆ. ಹೋಟೆಲ್ ರಿಸೆಪ್ಶನ್ನಿನಲ್ಲಿ ಕೆಲಸ ಮಾಡುವ ನನ್ನ ಗಂಡ ಟೈ ಕಟ್ಟಿಕೊಂಡರು. ಮಗಳು ತಲೆ ಚಚ್ಚಿಕೊಂಡಳು.

"ಮಮ್ಮಿ, ಪ್ಲೀಸ್. ಇದು ಹಾಗಲ್ಲ."

"ನೀನು ಸುಮ್ಮನಿರು. ಇಂಟರ್‌ವ್ಯೂ ಅಂದ್ರೆ ಎಂತ ಅಂತ ನಂಗೆ ಗೊತ್ತುಂಟು."

ಪರದೆಯ ಮೇಲೆ ಬಂದ ಪ್ರೊಫೆಸರಮ್ಮ ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು. ಮೊದಲ ಪ್ರಶ್ನೆಗೆ ನಾನೇ ಉತ್ತರ ಶುರು ಮಾಡಿದೆ. ಆಕೆ ನಗುತ್ತಲೇ, ಮಗಳ ಜೊತೆ ಮಾತ್ರ ಮಾತಾಡಬಹುದೇ ಎಂದು ಕೇಳಿದರು. ನನ್ನ ಗಂಡ ಗಡಿಬಿಡಿಯಿಂದ ಎದ್ದು ನಿಂತರು. ಟೈಯ ಕೆಳಗಿದ್ದ ಚೌಕುಳಿ ಲುಂಗಿ ಯುರೋಪಿಗೆಲ್ಲ ಕಂಡಿತು.

"ಎಂತ ಮಾರಾಯ್ರೆ, ಮಾನ ಕಳೆದ್ರಲ್ಲ!" ಅಡುಗೆಮನೆ ಸೇರಿದ್ದೇ ಅವರ ಮೇಲೆ ಹರಿಹಾಯ್ದೆ.

"ನೀನು ಬಾಯಿ ಹಾಕದಿದ್ರೆ ನಾನು ಯಾಕೆ ಏಳ್ಬೇಕಿತ್ತು ಮಾರಾಯ್ತಿ?"

ಮಾತು ಸರಿಯೇ. ಸೀಟು ಹೋದರೆ ಅದು ನನ್ನಿಂದಲೇ. ಮೆಲ್ಲನೆ ಬಾಗಿಲಿಗೆ ಕಿವಿಯಿಟ್ಟೆ.

ಕಣ್ಣಾರೆ ಕಂಡ ಒಂದು ವ್ಯವಹಾರದ ಸಮಸ್ಯೆಯನ್ನು ವಿವರಿಸು ಎಂದರು ಆಕೆ. ಮಗಳು ಹೇಳಿದ್ದು ನನ್ನ ಕಥೆ! ರಂಜಾನಿಗೆ ಮುಂಚೆ ನಮ್ಮದೂ ಸೇರಿ ನಾಲ್ಕು ಕಂಪನಿಗಳು ಬಿಡಿಸಬೇಕಿದ್ದ ಈರುಳ್ಳಿ ಕಂಟೇನರುಗಳು ಬಂದರಿನಲ್ಲಿ ಸಿಕ್ಕಿಬಿದ್ದಿದ್ದವು. ನಮ್ಮದು ಮೊದಲು, ನಮ್ಮದು ಮೊದಲು ಎಂದು ಎಲ್ಲ ಕಂಪನಿಯವರೂ ಕಸ್ಟಮ್ಸ್ ಕೌಂಟರಿಗೆ ಮುಗಿಬಿದ್ದು ಯಾರ ಕೆಲಸವೂ ಆಗುತ್ತಿರಲಿಲ್ಲ. ನಾನು ಉಳಿದ ಮೂವರ ಕಾಗದಗಳನ್ನೂ ಕೇಳಿ ಪಡೆದು, ತಪ್ಪು ತಿದ್ದಿ, ಒಂದೇ ಫೈಲು ಮಾಡಿ ಕೊಟ್ಟೆ. ಮಧ್ಯಾಹ್ನದ ಊಟದೊಳಗೆ ಎಲ್ಲರ ಲಾರಿಗಳೂ ಹೊರಟವು. ಇದನ್ನು ನಾನು ಮನೆಯಲ್ಲಿ ಹೇಳುವಾಗಲೆಲ್ಲ ಅವಳ ಕಿವಿಯಲ್ಲಿ ಇಯರ್‌ಫೋನ್ ಇರುತ್ತಿತ್ತು. ಗೋಡೆಗೆ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಆ ಕತ್ತೆ ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದಳು. ಖುಷಿಗೆ ಬಾಗಿಲಿಗೆ ಇನ್ನಷ್ಟು ಅಂಟಿಕೊಂಡೆ.

"ಮನೆಯಲ್ಲೇ ಇಂಥ ಟೀಚರ್ ಇರುವಾಗ ನಮ್ಮಲ್ಲಿಗೆ ಯಾಕೆ ಬರುತ್ತೀಯ?" ಎಂದರು ಪ್ರೊಫೆಸರ್.

"ಮಮ್ಮಿಗೆ ಮಾಡಲು ಗೊತ್ತು. ಅದು ಯಾಕೆ ಫಲಿಸಿತು ಅಂತ ಮಮ್ಮಿಗೂ ಗೊತ್ತಿಲ್ಲ. ನನಗೆ ಅದು ಬೇಕು."

ನನಗೋ ಮೂಗಿನ ತುದಿಯಲ್ಲೇ ಕೋಪ. ಮಾತುಕತೆ ಮುಗಿದದ್ದೇ ತಡ ಬಾಗಿಲು ತಳ್ಳಿ ಹೊರಗೆ ನುಗ್ಗಿದೆ. ಮಗಳು ಕುರ್ಚಿ ಬಿಟ್ಟು ಕುಣಿಯುತ್ತಿದ್ದಳು. ಕೋಪದಲ್ಲಿ ನಾನು ಕೇಳಿಸಿಕೊಂಡಿರಲಿಲ್ಲ, ಸೀಟು ಕೊಡುತ್ತೇವೆಂದು ಅಲ್ಲೇ ಹೇಳಿಬಿಟ್ಟಿದ್ದರು.

"ನಂಗೆ ಗೊತ್ತಿಲ್ಲ ಅಂತ ಯಾರು ಹೇಳಿದ್ದು ನಿಂಗೆ?"

"ಗೊತ್ತುಂಟಾ? ಹಾಗಾದ್ರೆ ಹೇಳು ಮಮ್ಮಿ, ಯಾಕೆ?"

ಬಂದರಿನಲ್ಲಿ ಇಷ್ಟು ವರ್ಷ ಸವೆಸಿದ ನನಗೇ ಈ ಪ್ರಶ್ನೆ! ನಗು ತಡೆಯಲಾಗದೆ ಅವಳನ್ನು ಬಾಚಿ ತಬ್ಬಿಕೊಂಡೆ.

"ಹೋಗು. ಕಲಿತು ಬಂದು ಮೊದಲು ನಂಗೆ ಹೇಳು."