ಸುಣ್ಣ ಕೂರುವ ಜಾಗ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಅಫಜಲಪುರದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದೆ. ಕಬ್ಬಿನ ಹಾಲಿಗೆ ಸುಣ್ಣದ ನೀರು ಬೆರೆಸುವ ದೊಡ್ಡ ಟ್ಯಾಂಕಿಯೊಳಗೆ ಹಾಲು ಹೇಗೆ ಸುತ್ತುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದು ನನ್ನ ಕೆಲಸ. ಒಂದು ಲೆಕ್ಕಕ್ಕೆ ಎರಡು ದಿನ ಬೇಕು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಬರಬೇಕೆಂಬ ನಿಯಮವಿತ್ತು. ಬಾಗಿಲ ಹೊರಗೆ ಯಾವಾಗಲೂ ನನ್ನ ಜೋಡಿಯೊಂದೇ ಇರುತ್ತಿತ್ತು.

ಊಟದ ಹೊತ್ತಿಗೆ ಕೆಲಸಗಾರರು ಗುಂಪಾಗಿ ಕೂತು ರೊಟ್ಟಿ ಗಂಟು ಬಿಚ್ಚುತ್ತಿದ್ದರು. ನಾನು ಹತ್ತಿರ ಸುಳಿದರೆ ಮಾತು ನಿಲ್ಲುತ್ತಿತ್ತು. ಬೇಡವಾದರೆ ಬಿಡಲಿ ಎಂದು ನಾನೂ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡು ಓಡಾಡಿದೆ. ಆದರೆ ವಾರಕ್ಕೊಮ್ಮೆ ಜೇವರ್ಗಿಯ ಮನೆಗೆ ಹೋಗುವಾಗ, ಬಸ್ಸಿನ ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದರೆ ಬೇಕೆಂದೇ ನಾಲ್ಕು ಮಾತು ಹೆಚ್ಚು ಆಡುತ್ತಿದ್ದೆ.

ಲೆಕ್ಕದ ಪ್ರಕಾರ ಟ್ಯಾಂಕಿಯ ಬಡಗಣ ಮಗ್ಗುಲಿನ ತಳದಲ್ಲಿ ಹಾಲು ತಿರುಗುವುದಿಲ್ಲ, ಅಲ್ಲಿ ಸುಣ್ಣ ಕೂರಬೇಕು. ದಿನಾ ಹನ್ನೊಂದು ಗಂಟೆಗೆ ಹಗ್ಗ ಕಟ್ಟಿದ ಸೀಸೆ ಇಳಿಸಿ ನೋಡುತ್ತಿದ್ದೆ. ಸುಣ್ಣವೇ ಇಲ್ಲ. ಕಬ್ಬು ಅರೆಯುವ ಎರಡನೇ ಹಂಗಾಮು ಮುಗಿಯುವುದರೊಳಗೆ ಲೆಕ್ಕ ತಾಳೆಯಾಗದಿದ್ದರೆ ಈ ಕೆಲಸ ನಿಲ್ಲಿಸುವುದಾಗಿ ಮ್ಯಾನೇಜರು ಹೇಳಿದ್ದರು. ಮೂರು ಸಲ ಎಲ್ಲವನ್ನೂ ಅಳಿಸಿ ಬರೆದೆ. ತಾಳೆಯಾಗಲಿಲ್ಲ. ನನ್ನ ಮೇಲೆ ನನಗೇ ನಂಬಿಕೆ ಹೋಗಿ ರಾಜೀನಾಮೆ ಕೊಟ್ಟೆ.

ಹೊರಡುವ ದಿನ ಆ ಸೀಸೆ ತೆಗೆದುಕೊಳ್ಳಲು ಒಂಬತ್ತಕ್ಕೇ ಟ್ಯಾಂಕಿ ಹತ್ತಿದೆ. ಟ್ಯಾಂಕಿ ನೋಡಿಕೊಳ್ಳುವ ಹಿರಿಯರು, ಆಳಂದದ ಕಡೆ ನರೋಣಾದವರು, ಉದ್ದನೆಯ ಬಿದಿರುಕೋಲು ಇಳಿಸಿ ಅದೇ ಬಡಗಣ ಮಗ್ಗುಲನ್ನು ಕೆದಕುತ್ತಿದ್ದರು. ತಳದಿಂದ ಬೆಳ್ಳಗೆ ಸುಣ್ಣ ಏಳುತ್ತಿತ್ತು. ಇದೇನು ಎಂದೆ.

"ಇಲ್ಲಿ ಮೊದಲಿಂದಲೂ ಸುಣ್ಣ ಕೂಡ್ತದ್ರಿ ಸಾಹೇಬ್ರ. ನೀವು ಸೀಸೆ ತಗೊಂಡು ಬರೋದ್ರಾಗ ಸ್ವಚ್ಛ ಇರ್ಲಿ ಅಂತ ದಿನಾ ಕೆದಕಿ ಇಡ್ತೇನ್ರಿ."

ಬೀಗರು ಬರುವ ಮೊದಲು ಅಂಗಳ ಗುಡಿಸಿಟ್ಟ ಹಾಗೆ. ನನ್ನ ಲೆಕ್ಕ ಮೊದಲ ದಿನದಿಂದಲೂ ಸರಿಯಿತ್ತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ದಿನ ಒಂದು ಮಾತು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

ಅವರು ಕೋಲನ್ನು ಕಟಾಂಜನಕ್ಕೆ ಒರಗಿಸಿದರು. "ನಿಮಗ ನಮ್ ಜೋಡಿ ಮಾತಾಡೋದು ಸೇರಂಗಿಲ್ಲಂತ ತಿಳ್ಕೊಂಡಿದ್ವಿರಿ. ಅದಕ್ಕ ನೀವು ಬಂದ್ರ ಸುಮ್ಮಾಗ್ತಿದ್ವಿ."

ಎರಡು ಹಂಗಾಮು ನಾನು ಒಬ್ಬನೇ ಕೂತು ಊಟ ಮಾಡಿದ್ದೆ. ನನ್ನ ಟ್ರಂಕು ಆಗಲೇ ಗೇಟು ಸೇರಿತ್ತು.