ನೈಟ್ರೇಟು ಮತ್ತು ಬೋರಿನ ನೀರು

ಪಿಯುಸಿ ಲ್ಯಾಬಿನಲ್ಲಿ ಎರಡು ದ್ರಾವಣ ಬೆರೆಸುವ ಮೊದಲೇ ಪ್ರಕ್ಷೇಪ, ಅಂದರೆ ಕರಗದ ಗಟ್ಟಿ ಪದಾರ್ಥ, ಬರುತ್ತದೋ ಇಲ್ಲವೋ ಎಂದು ಬರೆದಿಡಬೇಕಿತ್ತು. ಪೊಟ್ಯಾಸಿಯಂ ನೈಟ್ರೇಟಿಗೆ ಸಿಲ್ವರ್ ನೈಟ್ರೇಟ್ ಹಾಕಿದರೆ ಬರುವುದಿಲ್ಲ ಎಂದು ನಾನು ಪೆನ್ನಿನಲ್ಲೇ ಬರೆದೆ. ನೈಟ್ರೇಟುಗಳೆಲ್ಲ ನೀರಿನಲ್ಲಿ ಕರಗುತ್ತವೆ, ಅದು ನಿಯಮ. ಬೆರೆಸಿದೆ. ಟೆಸ್ಟ್‌ಟ್ಯೂಬ್ ಹಾಲಿನಂತೆ ಬೆಳ್ಳಗಾಯಿತು. ಹುಡುಗರು ನಕ್ಕರು.

“ಕಣ್ಣಿಗೆ ಕಾಣ್ತೈತಲ್ಲವ್ವ, ಬರೆದದ್ದು ಹೊಡೆದುಹಾಕು,” ಎಂದರು ಕೆಮಿಸ್ಟ್ರಿ ಸರ್.

“ಹೊಡೆದುಹಾಕಂಗಿಲ್ರಿ ಸರ್. ನಿಯಮ ಸರಿ ಐತ್ರಿ, ನೀರು ಸರಿ ಇಲ್ರಿ,” ಎಂದೆ.

ಪೊಟ್ಯಾಸಿಯಂ ನೈಟ್ರೇಟ್ ಕರಗಿಸಿದ ಡಿಸ್ಟಿಲ್ಡ್ ವಾಟರ್ ಕ್ಯಾನಿಗೆ ಅಟೆಂಡರ್ ಬೋರಿನ ನೀರು ತುಂಬಿದ್ದನ್ನು ಬೆಳಿಗ್ಗೆಯೇ ಕಂಡಿದ್ದೆ. ಇದೇ ಊರಿನ ಚಿತ್ತವಾಡ್ಗಿಯಲ್ಲಿ ಬೆಳೆದವಳು ನಾನು. ಬೋರಿನ ನೀರಿನ ಚಹಾ ಕೂಡ ಉಪ್ಪುಪ್ಪು. ಆ ಉಪ್ಪಿನ ಕ್ಲೋರೈಡ್ ಸಿಕ್ಕರೆ ಸಿಲ್ವರ್ ಬೆಳ್ಳಗೆ ಗಟ್ಟಿಯಾಗದೆ ಬಿಡುತ್ತದೆಯೇ?

ಹೊಸ ಟೆಸ್ಟ್‌ಟ್ಯೂಬಿಗೆ ಕ್ಯಾನಿನ ಬರೀ ನೀರು ಹಾಕಿ, ಸರ್ ಕಣ್ಣೆದುರೇ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟೆ. ಅದೂ ಬೆಳ್ಳಗಾಯಿತು. ಈ ಸಲ ಯಾರೂ ನಗಲಿಲ್ಲ.

“ಪರೀಕ್ಷೆದಾಗ ಇದನ್ನೆಲ್ಲ ಯಾರು ಕೇಳ್ತಾರ? ಸುಮ್ನೆ ಕಂಡದ್ದು ಬರಿ,” ಎಂದರು ಸರ್.

ಮೊದಲಿನ ಸಾಲನ್ನು ಮುಟ್ಟದೆ, ಅದರ ಕೆಳಗೆ ಕಂಡದ್ದನ್ನೇ ಬರೆದೆ: ‘ಕ್ಯಾನಿನಲ್ಲಿ ಇರುವುದು ಬೋರಿನ ನೀರು.’